ಅಮ್ಮ, ಸ್ವಲ್ಪ ಪಕ್ಕಕ್ಕೆ!

ಕಳೆದ ಜನವರಿಯಲ್ಲಿ ನಮ್ಮ ಮನೆಯವರೆಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆವು. ಹೋದದ್ದು ರಂಗನಾಥನ ದರ್ಶನಕ್ಕೂ ಅಲ್ಲ, ಗಂಜಾಮಿನ ನಿಮಿಷಾಂಬೆಗೆ ಹೊತ್ತ ಹರಕೆಗೂ ಅಲ್ಲ. ಮಗ ಹೊಸದಾಗಿ ಒಂದು ಕ್ಯಾಮೆರಾ ಕೊಂಡಿದ್ದ. ಅದರ ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು, ಆ ಮಾತು ಇಲ್ಲಿ ಬೇಡ. "ಅಮ್ಮ, ಚಳಿಗಾಲದ ಬೆಳಗಿನಲ್ಲಿ ಕಾವೇರಿಯ ಮೇಲೆ ಮಂಜು ಏಳುತ್ತಲ್ಲ, ಅದನ್ನ ಹಿಡೀಬೇಕು. ಎಲ್ಲರೂ ಹೋಗೋಣ" ಎಂದ. ಸರಿ, ಹೊರಟೆವು. ನನ್ನವರು, ಮಗ, ಸೊಸೆ, ಅವರ ಎರಡು ವರ್ಷದ ಕೂಸು, ಮಗಳು, ಅಳಿಯ, ಜೊತೆಗೆ ನಾನು. ತಿಪಟೂರಿನಿಂದ ತುರುವೇಕೆರೆ, ನಾಗಮಂಗಲ, ಪಾಂಡವಪುರದ ಹಾದಿ. ಮಂಜು ಹಿಡಿಯಬೇಕಾದರೆ ಹೊತ್ತು ಹುಟ್ಟುವ ಮೊದಲೇ ಅಲ್ಲಿರಬೇಕಂತೆ. ಹಾಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿದವಳು ಯಾರು ಎಂದು ನಾನು ಹೇಳಬೇಕೆ? ನಿಮಗೇ ಗೊತ್ತು.

ವೆಲ್ಲೆಸ್ಲಿ ಸೇತುವೆಯ ಬಳಿ ಇಳಿದಾಗ ನಿಜಕ್ಕೂ ಮೈಮರೆಯುವ ಹಾಗಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಅದರ ಕಂಬಗಳ ಸಾಲು ಬಿಳಿಯ ಮಂಜಿನೊಳಗೆ ನಡೆದುಹೋಗಿ ಮರೆಯಾಗುತ್ತಿತ್ತು. ಒಂದು ಕೈಯಲ್ಲಿ ಊಟದ ಬುತ್ತಿ, ಇನ್ನೊಂದು ಹೆಗಲಲ್ಲಿ ಕೂಸಿನ ಬಟ್ಟೆಯ ಚೀಲ, ಕಾಲ ಬಳಿ ನೀರಿನ ಬಾಟಲಿಗಳು. ಹಾಗೇ ನಿಂತು ನೋಡುತ್ತಿದ್ದೆ. ಆಗ ಹಿಂದಿನಿಂದ ಮಗನ ಕೂಗು: "ಅಮ್ಮ, ಸ್ವಲ್ಪ ಪಕ್ಕಕ್ಕೆ! ಫ್ರೇಮಿನೊಳಗೆ ಬರ್ತಿದ್ದೀಯ."

ಪಕ್ಕಕ್ಕೆ ಸರಿದೆ. ಅಂದು ಸಂಜೆಯವರೆಗೆ ಆ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಡಲಿಲ್ಲ. ಸ್ನಾನಘಟ್ಟದ ಮೆಟ್ಟಿಲ ಮೇಲೆ, ಕೋಟೆಯ ನೀರುಬಾಗಿಲಲ್ಲಿ, ಗುಂಬಜಿನ ಸೈಪ್ರೆಸ್ ಮರಗಳ ನಡುವೆ, ಎಲ್ಲ ಕಡೆಯೂ ಅದೇ. ಗಂಡ ಹೇಳಿದರು, ಮಗ ಹೇಳಿದ, ಅಳಿಯ ಮರ್ಯಾದೆಯಿಂದ "ಅತ್ತೆ, ಒಂದು ನಿಮಿಷ" ಎಂದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಹೆಚ್ಚು ಚುಚ್ಚಿದ್ದೂ ಅದೇ. ಮನೆಯ ಹೆಂಗಸೊಬ್ಬಳನ್ನು ಚಿತ್ರದಿಂದ ಆಚೆ ಕಳಿಸುವುದಕ್ಕೆ ಕೆಟ್ಟ ಮನಸ್ಸೇ ಬೇಕಾಗಿಲ್ಲ, ಅಭ್ಯಾಸವೇ ಸಾಕು.

ದರಿಯಾ ದೌಲತ್ತಿನಲ್ಲಿ ಮಾತ್ರ ನನಗೆ ಬಿಡುಗಡೆ ಸಿಕ್ಕಿತು. ಒಳಗೆ ಫೋಟೋ ತೆಗೆಯುವಂತಿಲ್ಲ ಎಂದು ಕಾವಲುಗಾರ ಹೇಳಿದ. ಕ್ಯಾಮೆರಾ ಚೀಲ ಸೇರಿತು, ಆ ಚೀಲ ನನ್ನ ಹೆಗಲು ಸೇರಿತು. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆಯರಮನೆ ಅದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಿಡಿಯುವ ಮದ್ದಿನ ಗಾಡಿ, ಸಾಲುಸಾಲು ಕುದುರೆ, ಆನೆ, ಮೀಸೆ. ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳಲ್ಲವೇ, ಬಾಯಿ ಸುಮ್ಮನಿರಲಿಲ್ಲ. ಈ ಚಿತ್ರ ಮಾಸಿಹೋಗಿದ್ದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದನೆಂಬುದನ್ನು ಹೇಳಿದೆ. ಮಗ, ಮಗಳು, ಅಳಿಯ ಎಲ್ಲರೂ ನಿಂತು ಕೇಳಿದರು. ಅಂದು ಇಡೀ ದಿನದಲ್ಲಿ ನಾವೆಲ್ಲರೂ ಒಟ್ಟಿಗೆ ಒಂದನ್ನು ನೋಡಿದ್ದು ಅಲ್ಲೊಂದೇ ಕಡೆ.

ಅಲ್ಲಿಯೇ ನನ್ನ ತಲೆಗೆ ಇನ್ನೊಂದು ವಿಚಾರವೂ ಹೊಕ್ಕಿತು. ಇಷ್ಟು ದೊಡ್ಡ ಸೈನ್ಯಕ್ಕೆ ಅನ್ನ ಬೇಯಿಸಿದವರು ಯಾರು? ಆ ಕಾಲದ ಸೈನ್ಯದ ಹಿಂದೆ ಹೆಂಗಸರು, ಮಕ್ಕಳು, ಅಡುಗೆಯವರು, ಹುಲ್ಲು ಹೊರುವವರು, ಧಾನ್ಯ ಸಾಗಿಸುವ ಲಂಬಾಣಿಗಳು ಒಂದು ಊರಿನಂತೆ ನಡೆಯುತ್ತಿದ್ದರು ಎಂದು ಚರಿತ್ರೆ ಓದಿದವರಿಗೆ ಗೊತ್ತು. ಯುದ್ಧದ ಚಿತ್ರ ಬರೆಯುವವನು ಅವರಿಗೂ "ಸ್ವಲ್ಪ ಪಕ್ಕಕ್ಕೆ" ಎಂದಿರಬೇಕು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ. ಅವನು ಎಲ್ಲಿ ಬಿದ್ದ ಎನ್ನುವುದಕ್ಕೆ ಇಂದಿಗೂ ಕಲ್ಲು ನೆಟ್ಟಿದ್ದಾರೆ. ಆಮೇಲೆ ವೆಲ್ಲೂರಿಗೆ ಸಾಗಿಸಿದ ಅರಮನೆಯ ನೂರಾರು ಹೆಂಗಸರು ಎಲ್ಲಿ ನಿಂತು ಈ ಊರನ್ನು ಕೊನೆಯ ಸಲ ನೋಡಿದರು ಎಂಬುದಕ್ಕೆ ಒಂದು ಕಲ್ಲೂ ಇಲ್ಲ.

ಊಟ ಸಂಗಮದಲ್ಲಾಯಿತು. ಎರಡು ಕವಲಾಗಿ ಊರನ್ನು ಬಳಸಿ ಬಂದ ಕಾವೇರಿ ಅಲ್ಲಿ ಮತ್ತೆ ಒಂದಾಗುತ್ತಾಳೆ. ಊಟ ಬಡಿಸಿ, ಎಲೆ ತೆಗೆದು, ಕೂಸಿನ ಬಾಯಿ ಒರೆಸಿದ ಮೇಲೆ "ಗ್ರೂಪ್ ಫೋಟೋ, ಗ್ರೂಪ್ ಫೋಟೋ" ಎಂದು ಎಲ್ಲರೂ ಎದ್ದರು. ಯಾರು ತೆಗೆಯಬೇಕು? "ಅಮ್ಮ, ನೀನೇ ತೆಗಿ. ಏನೂ ಕಷ್ಟವಿಲ್ಲ, ಸುಮ್ಮನೆ ಇಲ್ಲಿ ಒತ್ತು" ಎಂದು ಮಗ ತನ್ನ ಫೋನನ್ನು ನನ್ನ ಕೈಗಿತ್ತ. ದುಬಾರಿ ಕ್ಯಾಮೆರಾ ನನ್ನ ಕೈಗೆ ಬರಲಿಲ್ಲ, ಅದು ಬೇರೆ ಮಾತು. ನಾನು ಒತ್ತಿದೆ. ಅಳಿಯನ ಹಣೆ ಕತ್ತರಿಸಿ ಹೋಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಯವರೆಲ್ಲ ಇದ್ದ "ಇಡೀ ಸಂಸಾರದ" ಫೋಟೋದಲ್ಲಿ ನಾನು ಮಾತ್ರ ಇರಲಿಲ್ಲ ಎಂಬುದು ನನ್ನನ್ನೂ ಸೇರಿಸಿ ಯಾರಿಗೂ ಹೊಳೆಯಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಮಗ ಎಲ್ಲವನ್ನೂ ಕಳಿಸಿದ. ಒಟ್ಟು 612 ಫೋಟೋಗಳು. ಮಂಜು ಬಹಳ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು. ನಿದ್ದೆ ಬಾರದೆ ಕುಳಿತು ಒಂದೊಂದನ್ನೇ ನೋಡುತ್ತ ಹೋದೆ. ನಾನು ನಾಲ್ಕರಲ್ಲಿದ್ದೆ. ಒಂದರಲ್ಲಿ ನನ್ನ ಮೊಣಕೈ ಮತ್ತು ಚೀಲ. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ ಕೂಸಿನ ಬಾಯಿಗೆ ತುತ್ತಿಡುತ್ತಿರುವ ಕೈ, ಕೂಸು ಮಾತ್ರ ಸ್ಪಷ್ಟ. ನಾಲ್ಕನೆಯದರಲ್ಲಿ ಮುಖ ಕಾಣುತ್ತಿತ್ತು. ಆದರೆ ಅದು ನನ್ನ ಮುಖವೇ ಅಲ್ಲ! ಫೋನು ತಾನಾಗಿಯೇ ನನ್ನ ಎಣ್ಣೆಗಪ್ಪನ್ನು ಸುಣ್ಣದ ಬಣ್ಣ ಮಾಡಿತ್ತು, ಹಣೆಯ ಗೆರೆಗಳನ್ನು ಇಸ್ತ್ರಿ ಮಾಡಿತ್ತು. "ಚೆನ್ನಾಗಿ ಕಾಣ್ತೀಯ ಬಿಡಮ್ಮ" ಎಂದಳು ಮಗಳು. ಚೆನ್ನಾಗಿ ಕಾಣುವವಳು ಯಾರೋ, ನಾನಂತೂ ಅಲ್ಲ. ಈ ಕಾಲ ನಮಗೆ ಕೊಟ್ಟಿರುವ ಆಯ್ಕೆ ಇಷ್ಟೇ ಏನು? ಒಂದೋ ಚಿತ್ರದಲ್ಲಿ ಇರಬಾರದು, ಇದ್ದರೆ ಬೇರೆ ಯಾರೋ ಆಗಿರಬೇಕು.

ಇಷ್ಟಕ್ಕೇ ಈಕೆ ಇಷ್ಟು ದೊಡ್ಡ ರಾದ್ಧಾಂತ ಮಾಡುತ್ತಿದ್ದಾಳಲ್ಲ ಎನ್ನಬೇಡಿ. ನನ್ನ ತಾಯಿಯ ಸಂಗತಿ ಹೇಳುತ್ತೇನೆ, ಆಮೇಲೆ ಹೇಳಿ.

1981ರಲ್ಲಿ ನಮ್ಮ ತಂದೆ ನಮ್ಮನ್ನು ಇದೇ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಬಂದಿದ್ದರು. ನನಗಾಗ ಹನ್ನೊಂದು ವರ್ಷ. ತಂದೆಯ ಕೊರಳಲ್ಲಿ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ. ಒಂದು ರೋಲಿಗೆ 12 ಚಿತ್ರ ಮಾತ್ರ, ಒಂದೊಂದನ್ನೂ ಅವರು ಸೇರಕ್ಕಿ ಅಳೆದ ಹಾಗೆ ಅಳೆದು ತೆಗೆಯುತ್ತಿದ್ದರು. ದೇವಸ್ಥಾನದ ಗೋಪುರಕ್ಕೆ ಎರಡು, ಗುಂಬಜಿಗೆ ಎರಡು, ನಮ್ಮ ಅಣ್ಣನಿಗೆ ಮೂರು, ನನಗೂ ತಂಗಿಗೂ ಸೇರಿ ಒಂದು, ಹೀಗೆ. ಅಮ್ಮನ ಸರದಿ ಬಂದಾಗ ಆಕೆ "ನನ್ನದೇನು ಬೇಡಿ, ತಲೆ ಕೆದರಿದೆ, ಮಕ್ಕಳದ್ದು ತೆಗೀರಿ" ಎಂದು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು. ತಂದೆ ಬಲವಂತ ಮಾಡಲಿಲ್ಲ. ಫಿಲ್ಮು ಉಳಿಯಿತಲ್ಲ!

2009ರಲ್ಲಿ ಅಮ್ಮ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಒಂದು ಫೋಟೋ ಬೇಕೆಂದಾಗ ಮನೆಯೆಲ್ಲ ತಡಕಿದೆವು. ಟ್ರಂಕು, ಬೀರು, ಅಟ್ಟ. ತಂದೆಯ ಫೋಟೋಗಳು ಹಲವಿದ್ದವು, ಕಚೇರಿಯಲ್ಲಿ, ಸನ್ಮಾನದಲ್ಲಿ, ಸೈಕಲ್ಲಿನ ಮೇಲೆ. ಅಮ್ಮ ಒಬ್ಬಳೇ ಇರುವ ಚಿತ್ರ ಮತದಾರರ ಗುರುತಿನ ಚೀಟಿಯಲ್ಲಿ ಮಾತ್ರ, ಅದೂ ಗಾಬರಿಬಿದ್ದ ಕಳ್ಳಿಯಂತೆ. ಕೊನೆಗೆ ಯಾರದೋ ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿದ್ದ ಅವಳ ಮುಖವನ್ನು ಸ್ಟುಡಿಯೋದವನು ಕತ್ತರಿಸಿ ದೊಡ್ಡದು ಮಾಡಿಕೊಟ್ಟ. ಇಂದಿಗೂ ನಮ್ಮ ಅಣ್ಣನ ಮನೆಯ ಗೋಡೆಯಲ್ಲಿರುವ ಅಮ್ಮನ ಫೋಟೋದಲ್ಲಿ, ಅವಳ ಎಡಭುಜಕ್ಕೆ ಅಂಟಿಕೊಂಡು ಇನ್ಯಾರದೋ ರೇಷ್ಮೆ ಸೀರೆಯ ಅಂಚಿದೆ. ಆಕೆ ಯಾರೆಂದು ನಮಗೆ ಗೊತ್ತಿಲ್ಲ. ಪ್ರತಿ ವರ್ಷ ತಿಥಿಯ ದಿನ ಅಮ್ಮನ ಜೊತೆ ಆ ಅಂಚಿಗೂ ಹೂವು ಮುಡಿಸುತ್ತೇವೆ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ "ನಿಮ್ಮ ಅಜ್ಜಿಯ ಬಗ್ಗೆ ಒಂದು ಪುಟ ಬರೆದು, ಅವರ ಒಂದು ಫೋಟೋ ಅಂಟಿಸಿಕೊಂಡು ಬನ್ನಿ" ಎಂದಿದ್ದೆ. ಬಹಳ ಮಕ್ಕಳು ತಂದದ್ದು ಪಡಿತರ ಚೀಟಿಯಿಂದಲೋ, ಆಧಾರ್ ಕಾರ್ಡಿನಿಂದಲೋ ನಕಲು ತೆಗೆಸಿದ ಮುಖಗಳನ್ನು. ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿ ತಂದದ್ದು 1993ರಲ್ಲಿ. ಯೋಚಿಸಿ ನೋಡಿ, ನಲವತ್ತು ಐವತ್ತು ವರ್ಷ ಜೊತೆಗೆ ಬಾಳಿದ ಸಂಸಾರ ಅವಳ ಮುಖವನ್ನು ಒಂದು ಸಲ ನೆಟ್ಟಗೆ ನೋಡಿ ತೆಗೆದಿಡಲಿಲ್ಲ. ಅವಳ ಓಟು ಬೇಕಿದ್ದ ಸರ್ಕಾರ ಬಂದು ತೆಗೆಯಬೇಕಾಯಿತು!

ಈಗ ಎದುರು ಮಾತುಗಳಿಗೆ ಬರುತ್ತೇನೆ. ಇವನ್ನೆಲ್ಲ ನಾನು ನಮ್ಮ ಮನೆಯ ಜಗುಲಿಯಲ್ಲೇ ಕೇಳಿದ್ದೇನೆ.

ಮೊದಲನೆಯದು: "ಫೋಟೋದ ಹುಚ್ಚು ಇರುವುದೇ ಹೆಂಗಸರಿಗೆ. ಎಲ್ಲಿ ನೋಡಿದರೂ ಸೆಲ್ಫಿ ತಗೊಳ್ತಿರ್ತಾರೆ." ಇಪ್ಪತ್ತರ ಹುಡುಗಿಯನ್ನು ತೋರಿಸಿ ಐವತ್ತರ ಹೆಂಗಸಿನ ಬಾಯಿ ಮುಚ್ಚಿಸುವ ಮಾತಿದು. ಆ ಹುಡುಗಿ ಏಕೆ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಾಳೆ? ತಾನು ಹೇಗೆ ಕಾಣಬೇಕೆಂಬುದನ್ನು ಅವಳ ಕೈಗೆ ಯಾರೂ ಕೊಡದಿದ್ದಾಗ ಅವಳೇ ಕಿತ್ತುಕೊಂಡಿದ್ದಾಳೆ. ಹೊಳೆಯ ಅಂಚಿನ ಜಾರುಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವುದು ಮೂರ್ಖತನ, ಅದು ಹುಡುಗರಿಗೂ ಅಷ್ಟೇ ಸಲ್ಲುವ ಬುದ್ಧಿಮಾತು. ಆದರೆ ತನ್ನ ಮುಖವನ್ನು ತಾನು ನೋಡಿಕೊಳ್ಳುವುದು ತಪ್ಪಲ್ಲ. ಅವಳು ಮದುವೆಯಾಗಿ ಒಂದು ಮಗುವಾದ ಮೇಲೆ ಆ ಸೆಲ್ಫಿಗಳು ಎಷ್ಟು ಉಳಿಯುತ್ತವೆ, ನೋಡಿ ಹೇಳಿ.

ಎರಡನೆಯದು: "ನೀವೇ ಬೇಡ ಬೇಡ ಅಂತೀರಲ್ಲ?" ಈ ಮಾತಿಗೆ ಮಾತ್ರ ನಾನು ತಲೆ ತಗ್ಗಿಸುತ್ತೇನೆ. ನಿಜ. ಅನ್ನುತ್ತೇವೆ. ದಪ್ಪಗಿದ್ದೇನೆ, ಕಪ್ಪಗಿದ್ದೇನೆ, ಸೀರೆ ಸರಿಯಿಲ್ಲ, ಹಲ್ಲು ಉಬ್ಬು, ವಯಸ್ಸಾಯಿತು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಮೂಢನಂಬಿಕೆ ಬಿಟ್ಟೆವು, "ಚೆಂದವಿದ್ದರೆ ಮಾತ್ರ ಫೋಟೋ" ಎಂಬ ಅದಕ್ಕಿಂತ ಕೆಟ್ಟ ಮೂಢನಂಬಿಕೆ ಹಿಡಿದುಕೊಂಡೆವು. ಗಂಡಸು ಬೋಳುತಲೆ, ಬೊಜ್ಜು ಹೊಟ್ಟೆ ಹೊತ್ತು ಗೋಪುರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ, ಅವನಿಗೆ ಸಂಕೋಚವಿಲ್ಲ. ಏಕೆಂದರೆ ಅವನ ಫೋಟೋ ಅವನು ಅಲ್ಲಿದ್ದನೆಂಬುದಕ್ಕೆ ಸಾಕ್ಷಿ. ನಮ್ಮ ಫೋಟೋವನ್ನು ಮಾತ್ರ ನಾವು ಪರೀಕ್ಷೆಯಂತೆ ಕಾಣುತ್ತೇವೆ, ಫೇಲಾಗುವ ಭಯಕ್ಕೆ ಪರೀಕ್ಷೆಗೇ ಕೂರುವುದಿಲ್ಲ. ಅಕ್ಕಂದಿರೇ, ನಿಮ್ಮ ಮಗಳಿಗೆ ನಾಳೆ ಬೇಕಾಗುವುದು ನಿಮ್ಮ ಚೆಂದವಲ್ಲ. ನೀವು ಬೇಕು. ನನ್ನ ಅಮ್ಮನ ಕೆದರಿದ ತಲೆಯ ಒಂದು ಚಿತ್ರ ಸಿಗುವುದಾದರೆ ನಾನು ಒಂದು ತಿಂಗಳ ಸಂಬಳ ಕೊಟ್ಟೇನು.

ಮೂರನೆಯದು ಸ್ವಲ್ಪ ವೇದಾಂತದ್ದು: "ಫೋಟೋ ಏಕೆ, ಮನಸ್ಸಿನಲ್ಲಿ ಇದ್ದರೆ ಸಾಲದೇ?" ಸಾಲದು. ಈ ವೇದಾಂತ ಗುಂಬಜಿಗೆ ಇಲ್ಲ, ಸೇತುವೆಗೆ ಇಲ್ಲ, ಮಂಜಿಗೂ ಇಲ್ಲ, ಅಮ್ಮನಿಗೆ ಮಾತ್ರ ಏಕೆ? ಮನಸ್ಸು ನೆನಪಿಟ್ಟುಕೊಳ್ಳುವುದು ನೋಡಿದ್ದನ್ನು. ಮೊಮ್ಮಕ್ಕಳು ನೋಡಿಯೇ ಇರದ ಅಜ್ಜಿಯನ್ನು ಯಾವ ಮನಸ್ಸಿನಲ್ಲಿ ಹುಡುಕಬೇಕು?

ಚಿತ್ರ ಇದ್ದರಷ್ಟೇ ಸಾಲದು, ಹೆಸರೂ ಬೇಕು ಎನ್ನುವುದಕ್ಕೆ ನಮ್ಮ ಮೈಸೂರಿನದೇ ಒಂದು ಉದಾಹರಣೆಯಿದೆ. ಥಾಮಸ್ ಹಿಕಿ ಎಂಬ ಕಲಾವಿದ 1805ರಲ್ಲಿ ಮೂವರು ಹೆಂಗಸರ ಚಿತ್ರ ಬರೆದ. ಬಹುಕಾಲ ಅದು ಯಾರೋ ನರ್ತಕಿಯರ ಚಿತ್ರವೆಂದೇ ನಡೆಯಿತು. 2007ರಲ್ಲಿ ಲಂಡನ್ನಿನ ಹರಾಜಿಗೂ ಬಂತು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರು ಮತ್ತು ಅಜ್ಜಿ ಲಕ್ಷ್ಮಮ್ಮಣ್ಣಿಯವರು, ಸಿಡುಬಿನ ಲಸಿಕೆಯ ಮೇಲೆ ಜನರಿಗೆ ನಂಬಿಕೆ ಬರಲೆಂದು ಬರೆಸಿದ ಚಿತ್ರವದು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅವರ ವಾದ ಸರಿಯಾದರೆ, ಶ್ರೀರಂಗಪಟ್ಟಣದಲ್ಲಿ ಅಧಿಕಾರ ಕಳೆದುಕೊಂಡು ದಶಕಗಳ ಕಾಲ ಇಂಗ್ಲಿಷರೊಂದಿಗೆ ವ್ಯವಹಾರ ನಡೆಸಿ, ಮನೆತನಕ್ಕೆ ಪಟ್ಟವನ್ನು ಮರಳಿ ತಂದ ಆ ಮಹಾರಾಣಿ ಇನ್ನೂರು ವರ್ಷ ಹೆಸರಿಲ್ಲದೆ ಗೋಡೆಗೆ ನೇತುಬಿದ್ದಿದ್ದರು. ರಾಣಿಯ ಪಾಡೇ ಇದಾದರೆ ಮೇಷ್ಟರ ಹೆಂಡತಿಯ ಪಾಡೇನು!

ಕ್ಯಾಮೆರಾ ಹೆಂಗಸರ ಕೈಗೆ ಹೊಂದುವುದಿಲ್ಲ ಎನ್ನುವವರೂ ಇದ್ದಾರೆ. 1892ರಲ್ಲೇ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳರು ಪರದೆಯ ಹೆಂಗಸರಿಗಾಗಿ ಪ್ರತ್ಯೇಕ ಸ್ಟುಡಿಯೋ ತೆರೆದಾಗ ಅಲ್ಲಿ ಫೋಟೋ ತೆಗೆಯುತ್ತಿದ್ದವಳು ಹೆಂಗಸೇ. ಹೋಮಾಯ್ ವ್ಯಾರಾವಾಲಾ ಅವರ ಹೆಸರು ಕೇಳಿದ್ದೀರಾ? ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸ್ವಾತಂತ್ರ್ಯ ಬಂದ ದಿನಗಳ ದೆಹಲಿಯನ್ನೆಲ್ಲ ಚಿತ್ರಿಸಿದವರು. ಆದರೆ ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. 1970ರಲ್ಲಿ ಅವರು ಕ್ಯಾಮೆರಾ ಕೆಳಗಿಟ್ಟರು, ಪದ್ಮವಿಭೂಷಣ ಬಂದದ್ದು 2011ರಲ್ಲಿ, ಅವರ ತೊಂಬತ್ತೇಳರ ವಯಸ್ಸಿನಲ್ಲಿ. ಕೈ ಹೊಂದದಿರುವುದಲ್ಲ ತೊಂದರೆ, ಕೈಗೆ ಕೊಡದಿರುವುದು.

ನಮ್ಮ ಶಾಲೆಗಳೂ ಇದಕ್ಕೆ ಹೊರತಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವರ್ಷದ ಕೊನೆಯ ಗುಂಪು ಚಿತ್ರಕ್ಕೆ ಕುರ್ಚಿಗಳೆಲ್ಲ ಗಂಡು ಮೇಷ್ಟರುಗಳಿಗೆ, ನಾವು ಹೆಂಗಸರು ಎರಡು ತುದಿಗಳಲ್ಲಿ ಹೂಕುಂಡಗಳ ಹಾಗೆ ನಿಲ್ಲಬೇಕು. ಸೇವಾ ಹಿರಿತನದಲ್ಲಿ ಮೂರನೆಯವಳಾದ ನಾನು ಹನ್ನೆರಡು ವರ್ಷ ನಿಂತೆ. ಕೇಳಿದ ವರ್ಷವೇ ಕುರ್ಚಿ ಕೊಟ್ಟರು. ಕೇಳಲು ಹನ್ನೆರಡು ವರ್ಷ ಬೇಕಾಯಿತು, ಅದು ನನ್ನ ನಾಚಿಕೆ.

ಆದ್ದರಿಂದ ಈಗ ಕೇಳುತ್ತಿದ್ದೇನೆ. ಮನೆಯ ಗಂಡಸರೇ, ಮಕ್ಕಳೇ, ಮುಂದಿನ ಸಲ ಹೊಳೆಯ ದಂಡೆಗೋ, ಗುಡ್ಡಕ್ಕೋ ಹೊರಟಾಗ ಚೀಲವನ್ನು ಸರದಿಯಲ್ಲಿ ಹೊರಿ. ಚೀಲ ಯಾರ ಕೈಯಲ್ಲಿದೆಯೋ ಅವರು ಚಿತ್ರದಿಂದ ಆಚೆ ಎಂಬುದು ಬರೆಯದ ಕಾನೂನು. ಕ್ಯಾಮೆರಾ ಅರ್ಧ ದಿನವಾದರೂ ಹೆಂಗಸರ ಕೈಯಲ್ಲಿರಲಿ, ಹಣೆ ಕತ್ತರಿಸಿದರೆ ಕತ್ತರಿಸಲಿ, ನಿಮ್ಮ ಮೊದಲ ನೂರು ಫೋಟೋಗಳೂ ಹಾಗೇ ಇದ್ದವು. ಮುಖ ಬೆಳ್ಳಗೆ ಮಾಡುವ ಆ ಯಂತ್ರದ ಚಾಳಿಯನ್ನು ಆರಿಸಿಡಿ. ಅಮ್ಮ ಬೇಡವೆಂದರೆ ಅವಳ ಮೊದಲ "ಬೇಡ"ವನ್ನು ನಂಬಿ ಓಡಬೇಡಿ, ಇನ್ನೊಂದು ಸಲ ಕೇಳಿ. ಎರಡನೆಯ ಸಲವೂ ಬೇಡವೆಂದರೆ ಬಿಟ್ಟುಬಿಡಿ, ಅದು ಅವಳ ಹಕ್ಕು. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದಕ್ಕೆ ತೆಗೆಸಿ, ಹಿಂದೆ ಹೆಸರು, ಊರು, ತಾರೀಖು ಬರೆದಿಡಿ. ಫೋನು ಕೆರೆಗೆ ಬಿದ್ದರೆ 612 ಕೂಡ ಕೆರೆಗೇ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ನನ್ನವರು "ಒಂದು ಫೋಟೋಕ್ಕೆ ಇಷ್ಟು ಭಾಷಣವೇ?" ಎಂದು ಪೇಪರು ಮುಖಕ್ಕೆ ಹಿಡಿದರು. ಮೂರನೆಯ ದಿನ ಮಗನೇ ಬಂದು 612 ಚಿತ್ರಗಳನ್ನೂ ನನ್ನ ಪಕ್ಕದಲ್ಲಿ ಕುಳಿತು ಮತ್ತೆ ನೋಡಿದ. ಯಾರು ಎಷ್ಟರಲ್ಲಿದ್ದಾರೆ ಎಂದು ಎಣಿಸಿದೆವು. ನನ್ನ ನಂತರ ಕಡಿಮೆ ಇದ್ದವಳು ಸೊಸೆ. ಒಂಬತ್ತು. ಮೂರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಇದೇ ಮಗ ಒಂದೇ ದಿನದಲ್ಲಿ ಅವಳವು ಇನ್ನೂರು ಫೋಟೋ ತೆಗೆದಿದ್ದ. ಕೂಸು ಬಂತು, ಚೀಲ ಬಂತು, ಅವಳೂ ಪಕ್ಕಕ್ಕೆ ಸರಿದಳು. ಮಗ ಆ ಲೆಕ್ಕ ನೋಡಿ ಏನೂ ಮಾತಾಡಲಿಲ್ಲ.

ಆ ಒಂಬತ್ತರಲ್ಲಿ ಒಂದು ನಾನು ತೆಗೆದದ್ದು. ಸಂಗಮದಲ್ಲಿ ಗುಂಪು ಫೋಟೋಕ್ಕೆ ಎಲ್ಲರೂ ಸಾಲಾಗುವ ಮೊದಲೇ ಕೈತಪ್ಪಿ ಒತ್ತಿಬಿಟ್ಟಿದ್ದೆ. ಸೊಸೆ ಕೂಸನ್ನು ಸೊಂಟಕ್ಕೇರಿಸಿಕೊಂಡು, ಬಿಚ್ಚಿದ ತಲೆಗೂದಲನ್ನು ಹಲ್ಲಿನಲ್ಲಿ ಕಚ್ಚಿದ ಕ್ಲಿಪ್ಪಿಗೆ ಸಿಕ್ಕಿಸಲು ಹೊರಟಿದ್ದಾಳೆ. ಹಿಂದೆ ನೀರು ಹೊಳೆಯುತ್ತಿದೆ. ಸ್ವಲ್ಪ ವಾಲಿದೆ, ಒಂದು ಮೂಲೆಯಲ್ಲಿ ನನ್ನ ಬೆರಳೂ ಬಂದಿದೆ. "ಅಯ್ಯೋ ಅತ್ತೆ, ಅದನ್ನ ಅಳಿಸಿಬಿಡಿ, ತಲೆ ಕೆದರಿದೆ" ಎಂದಳು. ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಕೇಳಿದ ಮಾತು.

ಇನ್ನೊಂದು ಸಲ ಕೇಳಿದೆ. ಇರಲಿ ಬಿಡಿ ಎಂದಳು. ಸ್ಟುಡಿಯೋಕ್ಕೆ ಕೊಟ್ಟು ಪ್ರಿಂಟು ತೆಗೆಸಿ, ಹಿಂದೆ ಅವಳ ಹೆಸರು, ಕೂಸಿನ ಹೆಸರು, ಶ್ರೀರಂಗಪಟ್ಟಣ, ಜನವರಿ ಎಂದು ಬರೆದೆ. ಕೆಳಗೆ, ತೆಗೆದವರು ಎಂದು ನನ್ನ ಹೆಸರನ್ನೂ ಬರೆದೆ.